ಪುಟ ಮೂವತ್ತನಾಲ್ಕರ ಮೀನುಗಾರ

ನಾನು ಬರಹಗಾರನಲ್ಲ, ಪುಟ ಕಟ್ಟುವವನು. ಬೇರೆಯವರು ಬರೆದದ್ದನ್ನು ಕಂಪ್ಯೂಟರಿನಲ್ಲಿ ಪುಟದ ಅಳತೆಗೆ ಕೂರಿಸಿ, ಚಿತ್ರ ಇಟ್ಟು, ಗೆರೆ ಎಳೆದು ಪ್ರೆಸ್ಸಿಗೆ ಕಳಿಸುವುದು ನನ್ನ ಕಸುಬು. ಅಂಥವನು ಕರಡಕ್ಕನ ಬಗ್ಗೆ ಬರೆಯಲು ಕೂತಿದ್ದೇನೆಂದರೆ ಎರಡು ಕಾರಣ. ಒಂದು, ಅವರ ಎದುರಿನ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತವನು ನಾನೊಬ್ಬನೇ. ಇನ್ನೊಂದನ್ನು ಮೊದಲೇ ಹೇಳುವಷ್ಟು ಧೈರ್ಯ ನನಗಿಲ್ಲ.

ಕರಡು ತಿದ್ದುತ್ತಿದ್ದರು, ಅದಕ್ಕೇ ಕರಡಕ್ಕ. ಕೆಳಗೆ ಕಿಟಕಿ ಗಾಜು ಮಾರುವ ಅಂಗಡಿ, ಮೂರನೇ ಮಹಡಿಯಲ್ಲಿ ನಮ್ಮ ಸಂಸ್ಥೆ. ಕಾಡು, ನೀರು, ಮೀನು, ಗಾಳಿ ಇವನ್ನೆಲ್ಲ ಸರ್ಕಾರದ ಕಾನೂನಿಗಿಂತ ಮಾರುಕಟ್ಟೆಯೇ ಚೆನ್ನಾಗಿ ಕಾಪಾಡುತ್ತದೆ ಎಂದು ವಾದಿಸುವುದು, ಅದಕ್ಕೆ ಪುರಾವೆ ಹುಡುಕುವುದು, ಪುಸ್ತಕ ಮಾಡಿ ಮಂತ್ರಿಗಳಿಗೂ ಪತ್ರಿಕೆಗಳಿಗೂ ಹಂಚುವುದು ಅದರ ಕೆಲಸ. ನಮ್ಮ ಜವಾನ ಅದನ್ನು 'ಗಾಳಿ ಮಾರೋ ಅಂಗಡಿ' ಎಂದು ಕರೆಯುತ್ತಿದ್ದ, ನಿರ್ದೇಶಕರಿಗೆ ಕೇಳಿಸುವಂತೆಯೇ. ಅವರು ನಗುತ್ತಿದ್ದರು. ಒಳ್ಳೆಯ ಮನುಷ್ಯ. ಯಾರದೂ ಅಲ್ಲದ್ದನ್ನು ಯಾರೂ ಕಾಯುವುದಿಲ್ಲ ಎಂಬುದು ಅವರ ನಂಬಿಕೆ. ಅದನ್ನು ಹೊಟ್ಟೆಪಾಡಿಗಾಗಿ ಹೇಳುತ್ತಿರಲಿಲ್ಲ, ಮನಸಾರೆ ನಂಬಿದ್ದರು.

ಕರಡಕ್ಕನ ಬಳಿ ಒಂದು ಮರದ ಅಡಿಕೋಲಿತ್ತು. ಅದನ್ನು ಸಾಲಿನ ಕೆಳಗೆ ಇಟ್ಟು, ಕೆಂಪು ಪೆನ್ನು ಹಿಡಿದು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಒಂದು ಚುಕ್ಕಿ ತಪ್ಪಿದರೂ ಅವರ ಕಣ್ಣಿಗೆ ಬೀಳುತ್ತಿತ್ತು. ನನ್ನದು ತದ್ವಿರುದ್ಧ. ಪುಟ ಕಟ್ಟುವವನು ಓದಬಾರದು. ಓದಲು ಕೂತರೆ ಕೆಲಸ ಸಾಗುವುದಿಲ್ಲ. ಸಾಲು ಬಾಗಿದೆಯೇ, ಚೌಕದೊಳಗೆ ಹಿಡಿಸಿದೆಯೇ ಎಂದಷ್ಟೇ ನೋಡುತ್ತೇನೆ. "ನಿನ್ನ ಮರಣಪತ್ರಾನೇ ಕೊಟ್ರೂ ಅಂಚು ಸರಿ ಮಾಡಿ ಕಳಿಸಿಬಿಡ್ತೀಯಲ್ಲೋ" ಎಂದು ಅವರು ಛೇಡಿಸುತ್ತಿದ್ದರು. ಆಗ ಇಬ್ಬರೂ ನಗುತ್ತಿದ್ದೆವು.

ಅವರಿಗೆ ಮದುವೆ ಆಗಿರಲಿಲ್ಲ. ತಂದೆ ಬೇಗ ತೀರಿಕೊಂಡಿದ್ದರು. ಎರಡೇ ವರ್ಷ ದೊಡ್ಡವನಾದ ಅಣ್ಣ ಶಾಲೆ ಬಿಟ್ಟು ದೋಣಿ ಹತ್ತಿದ, ತಂಗಿ ಓದಲಿ ಎಂದು. ಪಟ್ಟಣದಿಂದ ಎರಡು ಗಂಟೆ ಬಸ್ಸಿನ ದಾರಿಯಲ್ಲಿ ಒಂದು ದೊಡ್ಡ ಕೆರೆ. ಅಣ್ಣ, ಅತ್ತಿಗೆ ಅದರ ದಡದಲ್ಲಿದ್ದರು. ಕರಡಕ್ಕ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದರು. ಕಚೇರಿಯಲ್ಲಿ ಈ ವಿಷಯ ಗೊತ್ತಿದ್ದದ್ದು ನನಗೆ ಮಾತ್ರ. ತಮ್ಮ ಮನೆ ಮಾತನ್ನು ಮೇಜಿನ ಮೇಲೆ ಹರಡುವ ಪೈಕಿಯಲ್ಲ ಅವರು.

ಆ ಕೆರೆಯಲ್ಲಿ ಒಂದು ಕಾಲಕ್ಕೆ ಮೀನೇ ಮುಗಿಯುತ್ತ ಬಂದಿತ್ತು. ನಾನು ಬಿಟ್ಟರೆ ಪಕ್ಕದವನು ಹಿಡಿಯುತ್ತಾನೆ ಎಂದು ಎಲ್ಲರೂ ಸಣ್ಣ ಕಣ್ಣಿನ ಬಲೆ ಹಾಕಿ ಮರಿಗಳನ್ನೂ ಬಾಚುತ್ತಿದ್ದರು. ನಮ್ಮ ಸಂಸ್ಥೆ ಸಲಹೆ ಕೊಟ್ಟಿತು, ಸರ್ಕಾರ ಒಪ್ಪಿತು: ಹಿಡಿಯಬಹುದಾದ ಮೀನನ್ನು ನಲವತ್ತು ಪಾಲು ಮಾಡಿ ನಲವತ್ತು ಮನೆಗಳಿಗೆ ಕೊಟ್ಟರು. ಪಾಲು ಅವರವರ ಸ್ವಂತ. ಬೇಕಾದರೆ ಮಾರಬಹುದು, ಮಕ್ಕಳಿಗೆ ಬಿಡಬಹುದು. ಎರಡೇ ವರ್ಷಕ್ಕೆ ಮೀನು ತುಂಬಿಕೊಂಡಿತು. ಇದು ಸುಳ್ಳಲ್ಲ, ನಾನೇ ಹೋಗಿ ನೋಡಿದ್ದೇನೆ.

ಆ ವರ್ಷದ ವಾರ್ಷಿಕ ವರದಿಯಲ್ಲಿ ಪುಟ ಮೂವತ್ತನಾಲ್ಕರಲ್ಲಿ ಅಂಗೈಯಗಲ ಜಾಗ ಉಳಿಯಿತು. ಬರೆಯಬೇಕಾದ ಸಂಶೋಧಕರು ರಜೆಯ ಮೇಲಿದ್ದರು. "ಆ ಕೆರೆಯವರದ್ದು ಯಾರದ್ದಾದ್ರೂ ಕತೆ ಒಂದು ನಾಲ್ಕು ಸಾಲು ಹಾಕ್ರಮ್ಮ" ಎಂದು ನಿರ್ದೇಶಕರು ಕರಡಕ್ಕನಿಗೇ ಹೇಳಿಬಿಟ್ಟರು. ಜೀವಮಾನವಿಡೀ ಬೇರೆಯವರ ವಾಕ್ಯ ತಿದ್ದಿದವರು ನಾಲ್ಕು ದಿನ ಕೂತು ಬರೆದರು:

'ಐವತ್ತೊಂದು ವರ್ಷದ ಈ ಮೀನುಗಾರ ಬಲೆ ಎತ್ತಿದೊಡನೆ ಮೊದಲು ಮರಿಗಳನ್ನು ಹುಡುಕುತ್ತಾನೆ. ಸಿಕ್ಕಿದ್ದನ್ನು ಒಂದೊಂದಾಗಿ ನೀರಿಗೆ ಬಿಡುತ್ತಾನೆ. ಮೊದಲು ಇದು ಎಲ್ಲರ ಕೆರೆ, ಹಾಗಾಗಿ ಯಾರೂ ಕಾಯುತ್ತಿರಲಿಲ್ಲ. ಈಗ ಇದರಲ್ಲಿ ನನ್ನ ಪಾಲಿದೆ ಎನ್ನುತ್ತಾನೆ. ಅವನ ಪಾಲು ನಲವತ್ತರಲ್ಲಿ ಒಂದು. ಕಾಳಜಿ ಮಾತ್ರ ಇಡೀ ಕೆರೆಯದು.'

ಹೆಸರು ಹಾಕಿರಲಿಲ್ಲ. ಬೆನ್ನು ಮಾಡಿ ಬಲೆ ಎತ್ತುತ್ತಿರುವ ಒಂದು ಚಿತ್ರ, ಅಷ್ಟೇ. ಆದರೆ ದಡದಲ್ಲಿ ಆ ಬೆನ್ನು ಯಾರಿಗೆ ಗೊತ್ತಿಲ್ಲ? ಅಣ್ಣ ಆ ಪುಟವನ್ನು ಗೋಡೆಗೆ ಅಂಟಿಸಿದ್ದ. ಆ ನಾಲ್ಕು ಸಾಲನ್ನು ಪತ್ರಿಕೆಗಳು ಎತ್ತಿ ಹಾಕಿದವು, ಮಂತ್ರಿಯೊಬ್ಬರು ಭಾಷಣದಲ್ಲಿ ಓದಿದರು. ಮುಂದಿನ ವರ್ಷವೂ ಇರಲಿ ಎಂದರು ನಿರ್ದೇಶಕರು. ನಮ್ಮಲ್ಲಿ ವರದಿಯನ್ನು ಪ್ರತಿ ವರ್ಷ ಹೊಸದಾಗಿ ಕಟ್ಟುವುದಿಲ್ಲ. ಹಳೆಯ ಕಡತ ತೆರೆದು ಅಂಕಿಗಳನ್ನಷ್ಟೇ ಬದಲಿಸುತ್ತೇವೆ. ಪುಟ ಮೂವತ್ತನಾಲ್ಕರಲ್ಲಿ ಬದಲಿಸಲು ಇದ್ದದ್ದು ಒಂದೇ ಅಂಕಿ, ವಯಸ್ಸು. ಕರಡಕ್ಕ ಕೆಂಪು ಪೆನ್ನಿನಲ್ಲಿ ಐವತ್ತೊಂದನ್ನು ಐವತ್ತೆರಡು ಮಾಡಿದರು, ಮರುವರ್ಷ ಐವತ್ತಮೂರು. "ನಮ್ಮಣ್ಣಂಗೆ ಇವತ್ತು ಹುಟ್ಟಿದ ದಿನ" ಎಂದು ನನಗೊಬ್ಬನಿಗೇ ಹೇಳಿ ನಗುತ್ತಿದ್ದರು.

ಐದನೇ ವರ್ಷದ ಹೊತ್ತಿಗೆ ಒಂದು ಕಂಪನಿ ಪಾಲುಗಳನ್ನು ಕೊಳ್ಳಲು ಶುರುಮಾಡಿತ್ತು. ಯಾರ ಕುತ್ತಿಗೆಯನ್ನೂ ಹಿಸುಕಲಿಲ್ಲ. ಒಬ್ಬನಿಗೆ ವಯಸ್ಸಾಗಿತ್ತು, ಇನ್ನೊಬ್ಬನ ಮಗನಿಗೆ ದೋಣಿ ಬೇಡವಾಗಿತ್ತು, ಮತ್ತೊಬ್ಬ ಪಕ್ಕದವನು ಮಾರಿದ ಎಂದು ಮಾರಿದ. ಮೂವತ್ತೆಂಟು ಪಾಲು ಕಂಪನಿಯದಾದಾಗ ದೋಣಿ ಕಟ್ಟುವ ಕಟ್ಟೆಯೂ ಅದರದೇ ಆಯಿತು, ಮೀನು ಇಡುವ ಮಂಜಿನ ಮನೆಯೂ ಅದರದೇ. ಉಳಿದ ಇಬ್ಬರಿಗೆ ದೋಣಿ ಇಳಿಸಲು ಜಾಗವಿರಲಿಲ್ಲ. ಅಣ್ಣನ ಭುಜವೂ ಸೋತಿತ್ತು. ಮಾರಿದ. ನಿಯತ್ತಿನ ಮನುಷ್ಯ ಎಂದು ಕಂಪನಿ ಅವನಿಗೇ ದಡದ ಕಾವಲು ಕೊಟ್ಟಿತು. ಕೊರಳಿಗೊಂದು ಸೀಟಿ. ಯಾರಾದರೂ ಕೆರೆಗೆ ಗಾಳ ಹಾಕಿದರೆ ಊದಬೇಕು. ಹಾಕುತ್ತಿದ್ದವರು ಬೇರೆ ಯಾರು? ಅವನ ಜೊತೆ ದೋಣಿ ಹತ್ತಿ ಬೆಳೆದವರೇ.

ಮೀನು ಮಾತ್ರ ಚೆನ್ನಾಗಿದ್ದವು. ಈಗಲೂ ಚೆನ್ನಾಗಿವೆ. ನಮ್ಮ ವರದಿಯಲ್ಲಿ ಮೀನಿನ ಆ ಒಂದು ಅಂಕಿ ಅಪ್ಪಟ ಸತ್ಯ.

ಸಂಸ್ಥೆಯಿಂದ ಪ್ರತಿ ವರ್ಷ ಹತ್ತು ಪ್ರತಿ ಆ ದಡದ ಮೀನುಗಾರರ ಸಂಘಕ್ಕೂ ಹೋಗುತ್ತಿತ್ತು. ಅಲ್ಲಿಂದ ಟೀ ಅಂಗಡಿಗೆ. ಅಣ್ಣ ಸೀಟಿ ಹಾಕಿಕೊಂಡು ಟೀ ಕುಡಿಯಲು ಬಂದರೆ ಒಬ್ಬ ಪುಟ ತೆರೆದು ಗಟ್ಟಿಯಾಗಿ ಓದುತ್ತಿದ್ದ: 'ಕಾಳಜಿ ಮಾತ್ರ ಇಡೀ ಕೆರೆಯದು.' ಎಲ್ಲರೂ ಹೋ ಎಂದು ನಗುತ್ತಿದ್ದರು. ಅವನು ಗೋಡೆಯಿಂದ ಪುಟ ಕಿತ್ತ, ಟೀ ಅಂಗಡಿಗೆ ಹೋಗುವುದನ್ನು ಬಿಟ್ಟ. ತಂಗಿ ಬಂದಾಗ ಕೇಳಿದ.

"ಪುಟ್ಟಿ, ಅದನ್ನ ತೆಗೆಸಿಬಿಡು. ನಾನು ಈಗ ಅವನಲ್ಲ."

"ಆಯ್ತಣ್ಣ, ಹೇಳ್ತೀನಿ" ಎಂದರಂತೆ ಕರಡಕ್ಕ.

ಹೇಳಲಿಲ್ಲ. ಆ ವರ್ಷ ಐವತ್ತಾರನ್ನು ಐವತ್ತೇಳು ಮಾಡುವಾಗ ಕೈ ತಡೆದದ್ದನ್ನು ನಾನು ನೋಡಿದೆ. ಏನಕ್ಕ ಎಂದೆ. ಎಲ್ಲ ಹೇಳಿದರು. "ಹಾಗಾದ್ರೆ ಈಗ್ಲೇ ಹೋಗಿ ಸರ್‌ಗೆ ಹೇಳಿ" ಎಂದೆ. ಅವರು ಅಡಿಕೋಲನ್ನು ಅತ್ತಿತ್ತ ತಿರುಗಿಸುತ್ತ ಕೂತರು.

"ಮೂವತ್ತು ವರ್ಷದಲ್ಲಿ ನಂದು ಅಂತ ಅಚ್ಚಾಗಿರೋದು ಅದೊಂದೇ ಕಣೋ" ಎಂದರು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇದು ಹೆಗ್ಗಣವೂ ಆಗಿರಲಿಲ್ಲ, ನಿಜಕ್ಕೂ ಚೆಂದದ ನಾಲ್ಕು ಸಾಲು. ಆ ಕೊನೆಯ ವಾಕ್ಯಕ್ಕೆ ಅವರು ಎರಡು ದಿನ ಒದ್ದಾಡಿದ್ದು ನನಗೆ ಗೊತ್ತು. ಹಾಗೆಂದು ಅಣ್ಣನ ಮಾನಕ್ಕಿಂತ ವಾಕ್ಯ ದೊಡ್ಡದೇ ಎಂದು ನನಗೆ ಆ ದಿನ ಸಿಟ್ಟು ಬಂತು. ಬಾಯಿ ಬಿಟ್ಟು ಹೇಳಲಿಲ್ಲ. ಅವನು ಮರುವರ್ಷ ಕೇಳಿದ, ಅದರ ಮರುವರ್ಷವೂ ಕೇಳಿದ. ನಾಲ್ಕನೇ ವರ್ಷ ಕೇಳಿದಾಗ, ನಿವೃತ್ತಿಯ ದಿನ ಖಂಡಿತ ಹೇಳಿ ತೆಗೆಸುತ್ತೇನೆ ಎಂದು ಕರಡಕ್ಕ ಮಾತು ಕೊಟ್ಟರು.

ಆ ದಿನ ಬಂತು. ಅವರಿಗೆ ಐವತ್ತೆಂಟು, ಅಣ್ಣನಿಗೆ ಅರವತ್ತು. ಬೆಳಗ್ಗೆ ನನ್ನ ಮೇಜಿನ ಹತ್ತಿರ ಬಂದು "ಇವತ್ತು ಹೇಳೇ ಹೇಳ್ತೀನಿ" ಎಂದರು. ಸಂಜೆ ಸಭಾಂಗಣದಲ್ಲಿ ಕುರ್ಚಿ ಹಾಕಿ, ಹೂಗುಚ್ಛ ಕೊಟ್ಟು, ನಿರ್ದೇಶಕರು ಮಾತಿಗೆ ನಿಂತರು. "ಈ ಸಂಸ್ಥೆಯಲ್ಲಿ ನಾನು ಹನ್ನೊಂದು ಪುಸ್ತಕ ಬರೆದಿದ್ದೇನೆ. ಜನಕ್ಕೆ ನೆನಪಿರೋದು ನನ್ನ ಒಂದು ಸಾಲೂ ಅಲ್ಲ, ಇವರ ನಾಲ್ಕು ಸಾಲು" ಎಂದು ಹೇಳಿ, ಪುಟ ಮೂವತ್ತನಾಲ್ಕನ್ನು ನೋಡದೆ, ಬಾಯಿಪಾಠವಾಗಿ ಹೇಳಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕರಡಕ್ಕನ ಮುಖ ನೋಡಿದೆ. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ಆಗಲೇ ತಿಳಿಯಿತು, ಹೇಳುವುದಿಲ್ಲ ಎಂದು.

ತಮ್ಮ ಜಾಗಕ್ಕೆ ಬಂದ ಹೊಸ ಮೇಷ್ಟ್ರಿಗೆ ಕೆಲಸ ಒಪ್ಪಿಸುವ ಪಟ್ಟಿಯನ್ನು ಅವರು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟರು. ಮೇಷ್ಟ್ರೆಂದರೆ ಶಾಲೆಯಿಂದ ನಿವೃತ್ತರಾಗಿ ಬಂದವರು, ಗೆರೆ ದಾಟದ ಮನುಷ್ಯ. ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು: 'ಪುಟ 34. ವಯಸ್ಸಿಗೆ ಒಂದು ಸೇರಿಸುವುದು. ಉಳಿದದ್ದು ಹಾಗೆಯೇ.'

ಮೂರು ತಿಂಗಳಿಗೆ ಅಣ್ಣ ಹೋಗಿಬಿಟ್ಟ. ದಡದ ಮೇಲೆ ಕೂತಿದ್ದವನು ಕೂತಲ್ಲೇ ವಾಲಿದನಂತೆ. ಮೊದಲು ಓಡಿ ಬಂದವರು ಅವನು ಸೀಟಿ ಊದಿ ಓಡಿಸುತ್ತಿದ್ದ ಗೆಳೆಯರೇ. ಅವರೇ ಎತ್ತಿ ಮನೆಗೆ ತಂದರು, ಅವರೇ ಹೆಗಲು ಕೊಟ್ಟರು. ನಾನು ಹೋಗಿದ್ದೆ. ಅತ್ತಿಗೆ ಆ ಸೀಟಿಯನ್ನು ಹೊಸ್ತಿಲಾಚೆ ಇಟ್ಟಿದ್ದರು, ಅದನ್ನು ಯಾರೂ ಮುಟ್ಟಿರಲಿಲ್ಲ. ಹೊರಡುವಾಗ ಕರಡಕ್ಕ ಬಾಗಿಲವರೆಗೆ ಬಂದು ನನ್ನ ಕೈ ಹಿಡಿದುಕೊಂಡರು.

"ಆ ಪುಟ… ನನಗೆ ಈಗ ಅಲ್ಲಿಗೆ ಬರೋಕಾಗಲ್ಲಪ್ಪ. ನೀನೇ ನೋಡ್ಕೋ."

"ನೋಡ್ಕೋತೀನಿ ಅಕ್ಕ. ನೀವು ಅದರ ಯೋಚನೆ ಬಿಡಿ" ಎಂದೆ.

ಇದೇ ನಾನು ಮೊದಲು ಹೇಳದೆ ಉಳಿಸಿಕೊಂಡ ಎರಡನೇ ಕಾರಣ. ಆ ವರ್ಷ ಯಾವುದೋ ಸಮ್ಮೇಳನಕ್ಕೆಂದು ವರದಿಯನ್ನು ಆರು ವಾರ ಮುಂಚೆ ಕೇಳಿದರು. ಎಂಬತ್ತು ಪುಟ, ಒಂಬತ್ತು ದಿನ. ಮೇಷ್ಟ್ರು ಪಟ್ಟಿ ಹಿಡಿದು ಒಂದೊಂದೇ ಗುರುತು ಹಾಕುತ್ತ ಹಾಳೆ ಕಳಿಸಿದರು. ಪುಟ ಮೂವತ್ತನಾಲ್ಕು ನನ್ನ ಕಣ್ಣ ಮುಂದೆ ಬಂತು. ಅಂಚು ನೋಡಿದೆ. ಚಿತ್ರ ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು, ಸರಿ ಮಾಡಿದೆ. ಓದಲಿಲ್ಲ. ನಾನು ಹೆಣ ನೋಡಿ ಬಂದ ಮನುಷ್ಯನಿಗೆ ಅರವತ್ತೊಂದು ತುಂಬಿಸಿ, ಮರಿಮೀನು ಬಿಡಲು ಕೆರೆಗೆ ಇಳಿಸಿ, ಪ್ರೆಸ್ಸಿಗೆ ಕಳಿಸಿದೆ.

ಸಂಘಕ್ಕೆ ಹತ್ತು ಪ್ರತಿ ಹೋದವು. ಟೀ ಅಂಗಡಿಯಲ್ಲಿ ಪ್ರತಿ ವರ್ಷ ಓದಿ ನಗಿಸುತ್ತಿದ್ದವನೇ ಈ ಸಲ ಪುಟ ತೆರೆದು, ಓದದೆ, ಮುಚ್ಚಿ, ಅತ್ತಿಗೆಯ ಮನೆಗೆ ತಂದು ಕೊಟ್ಟನಂತೆ. "ನಾವು ಮಾಡಿದ್ದು ತಪ್ಪಾಯ್ತಕ್ಕ. ಆದ್ರೆ ಇದನ್ನ ಮಾಡಿದವರು ಯಾರು?" ಎಂದನಂತೆ.

ಮರುದಿನ ಬೆಳಗ್ಗೆ ಕರಡಕ್ಕ ಕಚೇರಿಗೆ ಬಂದರು. ನನ್ನ ಮೇಜಿನ ಮೇಲೆ ವರದಿ ತೆರೆದಿಟ್ಟರು. ನಾನು ಆ ಪುಟವನ್ನು ಓದಿದೆ. ಹನ್ನೊಂದು ವರ್ಷ ಕಟ್ಟಿದ ಪುಟವನ್ನು ಅಂದೇ ಮೊದಲ ಸಲ ಓದಿದ್ದು.

"ನೋಡ್ಕೋತೀನಿ ಅಂದಿದ್ದೆ ನೀನು" ಎಂದರು.

ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುವ ಹಾಗಾಯಿತು. ಮೇಷ್ಟ್ರು ಏನೂ ತಿಳಿಯದೆ ಪಟ್ಟಿ ತೋರಿಸಿದರು: "ನೀವು ಬರೆದ ಹಾಗೇ ಮಾಡಿದ್ದೀನಲ್ಲಮ್ಮ." ಕರಡಕ್ಕ ತಮ್ಮದೇ ದುಂಡಗಿನ ಅಕ್ಷರವನ್ನು ನೋಡಿದರು. ನನ್ನ ಮೇಲಿದ್ದ ಸಿಟ್ಟು ಅಲ್ಲಿಗೆ ನಿಂತಿತು. ಇನ್ನಷ್ಟು ಬಯ್ದಿದ್ದರೆ ನನಗೆ ಒಳ್ಳೆಯದಿತ್ತು.

ಇಬ್ಬರೂ ನಿರ್ದೇಶಕರ ಕೋಣೆಗೆ ಹೋದೆವು. ಕರಡಕ್ಕ ನಿಂತೇ ಎಲ್ಲ ಹೇಳಿದರು: ಅವನು ನನ್ನ ಅಣ್ಣ, ನಾಲ್ಕು ವರ್ಷದ ಹಿಂದೆಯೇ ಪಾಲು ಮಾರಿದ್ದ, ತೆಗೆಸು ಎಂದು ಕೇಳುತ್ತಲೇ ಇದ್ದ. ಜಗಳ ಆಗುತ್ತದೆ, ವಾದ ಮಾಡುತ್ತಾರೆ ಎಂದುಕೊಂಡಿದ್ದೆ. ನಿರ್ದೇಶಕರ ಮುಖ ಬಿಳಿಚಿಕೊಂಡಿತು. ಎದ್ದು ಬಂದು ಅವರನ್ನು ಕುರ್ಚಿಯಲ್ಲಿ ಕೂರಿಸಿದರು.

"ಒಂದು ಮಾತು ಹೇಳಿದ್ರೆ ಅವತ್ತೇ ತೆಗೀತಿದ್ವಲ್ಲಮ್ಮ. ಒಂದು ನಿಮಿಷದ ಕೆಲಸ" ಎಂದರು.

ಕಪಟವಿಲ್ಲದೆ ಹೇಳಿದ ಮಾತು. ಅದಕ್ಕಿಂತ ಕ್ರೂರವಾದದ್ದನ್ನು ಆ ಕೋಣೆಯಲ್ಲಿ ಯಾರೂ ಹೇಳಲು ಸಾಧ್ಯವಿರಲಿಲ್ಲ. ಈಗಲೇ ತೆಗೆದುಹಾಕಿ ಎಂದು ನನಗೆ ಹೇಳಿದರು. ಹಂಚಿದ ಪ್ರತಿಗಳು ಹೋಗಿದ್ದವು, ಪತ್ರಿಕೆಗಳವರು, ಬೇರೆ ಸಂಸ್ಥೆಗಳವರು ಎತ್ತಿಕೊಂಡದ್ದಕ್ಕಂತೂ ಲೆಕ್ಕವೇ ಇಲ್ಲ. ನಮ್ಮ ಕಡತದಿಂದ ತೆಗೆಯುವುದಷ್ಟೇ ಉಳಿದಿತ್ತು.

ಕರಡಕ್ಕ ನನ್ನ ಹಿಂದೆ ಬಂದು ನಿಂತರು. ಚೌಕದ ಮೇಲೆ ಒತ್ತಿದೆ, ಅಳಿಸು ಎಂದೆ. ಬಲೆ ಎತ್ತುತ್ತಿದ್ದ ಬೆನ್ನು, ನಾಲ್ಕು ಸಾಲು, ಅರವತ್ತೊಂದು, ಎಲ್ಲ ಹೋಯಿತು. ಕೆಳಗಿನ ಸಾಲುಗಳು ತಾವಾಗಿ ಮೇಲೆ ಸರಿದು ಆ ಜಾಗ ತುಂಬಿಕೊಂಡವು. ಪುಟ ನೋಡಲು ಮೊದಲಿಗಿಂತ ಚೆನ್ನಾಗಿಯೇ ಕಂಡಿತು.

"ಇಷ್ಟೇನಾ?" ಎಂದರು.

"ಇಷ್ಟೇ ಅಕ್ಕ."

ಮೇಷ್ಟ್ರು ಎದ್ದು ಜಾಗ ಬಿಟ್ಟರು. ಕರಡಕ್ಕ ತಮ್ಮ ಹಳೆಯ ಕುರ್ಚಿಯಲ್ಲಿ ಕೂತು ಎರಡೂ ಕೈ ಮೇಜಿನ ಮೇಲೆ ಇಟ್ಟುಕೊಂಡರು.

"ನಾಲ್ಕು ವರ್ಷ ಕೇಳಿದ ಕಣೋ ನಮ್ಮಣ್ಣ" ಎಂದರು.