ಕುರ್ಚಿ ಹೊತ್ತು ಬರುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಇಸ್ತ್ರಿ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಿದೆ. ಒಳಗೆ ಅಂಗಿಯೊಂದರ ಕಾಲರಿನ ಮೇಲೆ ಬಿಸಿ ಪೆಟ್ಟಿಗೆ ಒತ್ತುತ್ತಲೇ ಇಸ್ತ್ರಿ ಅಕ್ಕ ಶಾಲೆಯ ಹೆಡ್‌ಮೇಡಂ ಗತ್ತಿನಲ್ಲಿ ದನಿ ಬದಲಿಸುತ್ತಾರೆ. “ನೋಡಿ, ನಿಮ್ಮ ಮಗಳ ಒಳ್ಳೇದಕ್ಕೇ ಹೇಳ್ತಿರೋದು. ಅವಳಿಗೆ ಈ ಶಾಲೆ ಸರಿಹೋಗಲ್ಲ.”

ಎದುರಿಗೆ ಸ್ಟೂಲಿನ ಮೇಲೆ ಕೂತ ಬಸ್ ಡ್ರೈವರ್ ತಲೆ ತಗ್ಗಿಸಿ, “ಆಯ್ತು ಮೇಡಂ,” ಅನ್ನುತ್ತಾರೆ.

“ಅಯ್ಯೋ ನಿನ್ನ! ಮತ್ತೆ ಆಯ್ತು ಅಂದ್ಯಲ್ಲೋ ತಮ್ಮಾ! ಏನಂತ ಹೇಳ್ಕೊಟ್ಟೆ?”

“ಇಲ್ಲ, ಆಗಲ್ಲ. ಅವಳು ಇಲ್ಲೇ ಓದ್ತಾಳೆ.”

“ಹಾಂ, ಈಗ ಹೇಳ್ದೆ ನೋಡು. ಇನ್ನೊಂದ್ಸಲ, ಜೋರಾಗಿ!”

ಡ್ರೈವರ್ ಮಗಳಿಗೆ ಏಳು ವರ್ಷ, ಆಟಿಸಂ ಇದೆ. ಶಾಲೆಯ ಗಂಟೆ ಬಾರಿಸಿದರೆ ಸಾಕು, ಕಿವಿ ಮುಚ್ಚಿಕೊಂಡು ಚೀರುತ್ತಾಳೆ, ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾಳೆ. ಅಷ್ಟಕ್ಕೇ ಶಾಲೆಯವರು ಸಭೆಗೆ ಕರೆದಿದ್ದಾರೆ. ಇವತ್ತು ಅವಳನ್ನು ಬಿಡಿಸಿಕೊಂಡು ಹೋಗಲು ಒಪ್ಪಿದರೆ ಮುಗಿಯಿತು, ಸುತ್ತಮುತ್ತ ಅವಳನ್ನು ಸೇರಿಸಿಕೊಳ್ಳುವ ಬೇರೆ ಶಾಲೆ ಇಲ್ಲ.

ಇಂಥ ತಂದೆತಾಯಿಯರ ಬೆನ್ನಿಗೆ ನಿಲ್ಲುವುದೇ ಇಸ್ತ್ರಿ ಅಕ್ಕನ ಇನ್ನೊಂದು ಕೆಲಸ. ಬೆಳಗ್ಗೆ ಅಂಗಡಿಯಲ್ಲಿ ಅಭ್ಯಾಸ ಮಾಡಿಸುತ್ತಾರೆ, ಆಮೇಲೆ ಸಭೆಗೆ ಜೊತೆಗೆ ಹೋಗುತ್ತಾರೆ. ವಾರಕ್ಕೆ ಎರಡು ಮೂರು ಸಭೆಯಾದರೂ ಇರುತ್ತದೆ, ಆ ದಿನಗಳಲ್ಲಿ ಬಟ್ಟೆ ತಡವಾಯಿತೆಂದು ಗಿರಾಕಿಗಳು ಮೂಗು ಮುರಿಯುತ್ತಾರೆ. “ಮುರೀಲಿ ಬಿಡಿ. ಸುಕ್ಕು ನಾಳೆ ತೆಗೀಬಹುದು. ಮಗೂನ ಹೊರಗೆ ಹಾಕಿದ್ಮೇಲೆ ಮತ್ತೆ ಒಳಗೆ ಸೇರಿಸೋದಿದ್ಯಲ್ಲ, ಅದು ಜಪ್ಪಯ್ಯ ಅಂದ್ರೂ ಆಗಲ್ಲ.”

ಈ ಮಾತಿನ ಹಿಂದೆ ಸ್ವಂತ ಸಂಕಟವಿದೆ. ಅವರ ಮಗನಿಗೂ ಆಟಿಸಂ, ಈಗ ಆಳೆತ್ತರ ಬೆಳೆದ ಗಂಡಸು. ಒಳಕೋಣೆಯಲ್ಲಿ ಬಟ್ಟೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಾನೆ. ಆ ಸಾಲನ್ನು ಯಾರಾದರೂ ಕದಲಿಸಿದರೆ ರಂಪವೋ ರಂಪ. ಅವನನ್ನು ಮೂರು ಶಾಲೆಗಳು ಸಾಗಹಾಕಿದವು. “ಮೂರು ಕಡೇನೂ ನಾನು ಆಯ್ತು ಅಂದೆ. ದೊಡ್ಡೋರು ಹೇಳ್ತಿದ್ದಾರೆ ಅಂತ ಕೈ ಮುಗಿದು ಬಂದೆ.”

ಮೊದಲ ಸಲ ಯಾರ ಜೊತೆಗೋ ಸಭೆಗೆ ಹೋದಾಗ ಶಾಲೆಯವರು, “ನೀವ್ಯಾರು? ಇರೋದು ಒಂದೇ ಕುರ್ಚಿ, ಹೊರಗಿರಿ,” ಅಂದರಂತೆ. ಮುಂದಿನ ಸಲ ಮಡಚುವ ಕಬ್ಬಿಣದ ಕುರ್ಚಿಯೊಂದನ್ನು ಹೆಗಲಿಗೇರಿಸಿಕೊಂಡೇ ಹೋದರು. ಅಂದಿನಿಂದ ಅದು ಅವರ ಜೊತೆಗಾರ. ಕಾನೂನು ಓದಿದ್ದೀರಾ ಎಂದರೆ ನಗುತ್ತಾರೆ. “ಕಾನೂನು ವಕೀಲರು ನೋಡ್ಕೋತಾರೆ. ನನಗೆ ಗೊತ್ತಿರೋದು ಏಳದೆ ಕೂರೋದು.”

ಶಾಲೆಯ ಕೋಣೆಯಲ್ಲಿ ಮೇಜಿನ ಆಚೆ ನಾಲ್ವರು, ಈಚೆ ಡ್ರೈವರ್‌ಗೊಂದು ಕುರ್ಚಿ. ಹೆಂಡತಿ ಮಗಳ ಕೈಹಿಡಿದು ವರಾಂಡದಲ್ಲಿ ನಿಂತಿದ್ದಾಳೆ. ಅಕ್ಕ ತಮ್ಮ ಕುರ್ಚಿಯನ್ನು ಕಟಕ್ಕನೆ ಬಿಡಿಸಿ ಡ್ರೈವರ್ ಪಕ್ಕದಲ್ಲಿ ಕೂರುತ್ತಾರೆ. ಹೆಡ್‌ಮೇಡಂ ಮುಗುಳ್ನಕ್ಕು, “ಟೀ ತರಿಸ್ಲಾ?” ಎಂದು ಕೇಳುತ್ತಾರೆ.

“ಇಲ್ಲ, ಆಗಲ್ಲ! ಅವಳು ಇಲ್ಲೇ ಓದ್ತಾಳೆ!” ಎಂದು ಡ್ರೈವರ್ ಕಿರುಚಿಯೇ ಬಿಡುತ್ತಾರೆ.

ಬೆಳಗಿನಿಂದ ಉರುಹೊಡೆದದ್ದು ಟೀಗೇ ಹೊರಬಂದಿದೆ! ಡ್ರೈವರ್ ಮುಖ ಕೆಂಪಾಗುತ್ತದೆ. ಅಕ್ಕನಿಗೆ ನಗು ತಡೆಯಲಾಗುತ್ತಿಲ್ಲ, ಆದರೂ ಮೊಣಕೈಯಿಂದ ಅವರನ್ನು ತಿವಿದು, “ಹೇಳಿದ್ದು ಸರಿಯಾಗೇ ಇದೆ. ಟೀ ಆಮೇಲೆ ಕುಡಿಯೋಣ,” ಅನ್ನುತ್ತಾರೆ.

ಹೆಡ್‌ಮೇಡಂ ಒಳ್ಳೆಯ ಮಾತಿನಲ್ಲಿ ಹೇಳುತ್ತಾರೆ, ಬಿಗಿಯಾಗಿ ಹೇಳುತ್ತಾರೆ. ಮಿಕ್ಕ ಮಕ್ಕಳ ಓದು ಹಾಳಾಗುತ್ತದೆ ಅನ್ನುತ್ತಾರೆ. ಡ್ರೈವರ್‌ದು ಪ್ರತಿಸಲವೂ ಅದೇ ಮಾತು, ಈಗ ತಣ್ಣಗೆ. ಕೊನೆಗೆ ಮೇಜಿನಾಚೆ ಕೂತಿದ್ದ ತರಗತಿಯ ಟೀಚರ್ ಬಾಯಿ ಬಿಡುತ್ತಾರೆ. “ಗಂಟೆ ಹೊಡೆಯೋ ಮೊದ್ಲೇ ಅವಳನ್ನ ಹಿಂದಿನ ತೋಟಕ್ಕೆ ಕಳಿಸ್ಬಹುದು ಮೇಡಂ, ಅಲ್ಲಿಗೆ ಸದ್ದು ಅಷ್ಟಾಗಿ ಕೇಳ್ಸಲ್ಲ. ಇಷ್ಟು ದಿನ ಯಾರೂ ಕೇಳ್ಲಿಲ್ಲ.” ವರ್ಷದ ಕೊನೆಯವರೆಗೆ ಹಾಗೇ ನೋಡೋಣ, ವಿಶೇಷ ಶಿಕ್ಷಕಿಯನ್ನೂ ಕರೆಸೋಣ ಎಂದು ತೀರ್ಮಾನವಾಗುತ್ತದೆ. ಪೂರ್ತಿ ಗೆಲುವೇನಲ್ಲ, ಆದರೆ ನಾಳೆ ಹುಡುಗಿ ಶಾಲೆಗೆ ಬರುತ್ತಾಳೆ.

ಏಳುವಾಗ ಹೆಡ್‌ಮೇಡಂ, “ಮುಂದಿನ ಸಲ ಇದನ್ನ ಹೊತ್ಕೊಂಡು ಬರ್ಬೇಡೀಮ್ಮಾ, ನಾವೇ ಇನ್ನೊಂದು ಕುರ್ಚಿ ಹಾಕಿಸ್ತೀವಿ,” ಅನ್ನುತ್ತಾರೆ.

ಅಕ್ಕ ಕುರ್ಚಿ ಮಡಚಿ ಹೆಗಲಿಗೇರಿಸುತ್ತಾರೆ. ವರಾಂಡದಲ್ಲಿ ಇನ್ನೂ ನಿಂತೇ ಇರುವ ತಾಯಿಯತ್ತ ಕೈ ತೋರಿಸುತ್ತಾರೆ.

“ಹಾಕ್ಸಿ ಮೇಡಂ, ಅದ್ರಲ್ಲಿ ಇವಳು ಕೂತ್ಕೊಳ್ಲಿ. ನಂದು ನಾನು ತರ್ತೀನಿ.”