ತಾರೀಕು ತಪ್ಪಿದ ಯಂತ್ರ

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನಾನು ನಿಟ್ಟೂರಿನಿಂದ ದಿನಾ ರೈಲು ಹಿಡಿದು ತುಮಕೂರಿನ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಕಂಪ್ಯೂಟರ್ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಸ್ಟೋರ್ಸು, ಸಂಬಳ, ಉತ್ಪಾದನೆ ಎಲ್ಲವನ್ನೂ ಒಂದೇ ಸಾಫ್ಟ್‌ವೇರ್‌ಗೆ ತರುವ ದೊಡ್ಡ ಯೋಜನೆ ಅದು. ಬೇರೆಬೇರೆಯವರು ಬರೆದ ನೂರಾರು ತುಂಡುಗಳನ್ನು ಸರಿಯಾದ ಕ್ರಮದಲ್ಲಿ ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸಿ, ಜೋಡಿಸಬೇಕಿತ್ತು. ಕೈಯಲ್ಲೇ ಮಾಡುತ್ತಾ ಕೂತರೆ ಇಡೀ ದಿನ ಹಿಡಿಯುತ್ತಿತ್ತು. ಯಂತ್ರ ತಾನೇ ಮಾಡಿಕೊಳ್ಳುವಂತೆ ಸ್ಕ್ರಿಪ್ಟ್ ಬರೆಯುವ ಕೆಲಸವನ್ನು ನನಗೂ ಅಮೃತೂರಿನವರೊಬ್ಬರಿಗೂ ಒಪ್ಪಿಸಿದರು.

ಅವರಿಗೆ ನಲವತ್ತು ದಾಟಿತ್ತು. ಕಾಲೇಜಿನ ಗಣಿತದ ಮೇಷ್ಟ್ರ ಕೆಲಸ ಬಿಟ್ಟು, ಮನೆಯವರೆಲ್ಲ ಬೇಡವೆಂದರೂ ಕಂಪ್ಯೂಟರ್ ಕಲಿತು ಬಂದಿದ್ದರು. ನಾವು ಬರೆದ ಸ್ಕ್ರಿಪ್ಟ್ ಫೈಲುಗಳ ತಾರೀಕು ನೋಡುತ್ತಿತ್ತು. ಹಿಂದಿನ ಸಲ ಕಂಪೈಲಾದ ಮೇಲೆ ತಿದ್ದಿದ್ದನ್ನು ಮಾತ್ರ ಮತ್ತೆ ಕಂಪೈಲ್ ಮಾಡಿ, ಉಳಿದದ್ದನ್ನು ಬಿಟ್ಟುಬಿಡುತ್ತಿತ್ತು. ಅದು ಮೊದಲ ಸಲ ಕೊನೆತನಕ ಓಡಿದ ದಿನ ಅವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಮಾಲೀಕರು ನೋಡಲು ಬರುವ ವಾರ ಸಂಬಳದ ಲೆಕ್ಕದಲ್ಲಿ ಒಂದು ತಪ್ಪು ಸಿಕ್ಕಿತು. ಅಮೃತೂರಿನವರೇ ತಿದ್ದಿದರು, ಸ್ಕ್ರಿಪ್ಟ್ ಓಡಿಸಿದರು, ಎಲ್ಲ ಸರಿಯಾಗಿದೆ ಅಂತ ಮ್ಯಾನೇಜರಿಗೆ ಮಾತು ಕೊಟ್ಟರು. ಮಾಲೀಕರ ಮುಂದೆ ಪರದೆಯ ಮೇಲೆ ಅದೇ ಹಳೆಯ ತಪ್ಪು ಲೆಕ್ಕ ಬಂತು. ಮತ್ತೆ ಓಡಿಸಿದರು, ಮತ್ತೆ ಅದೇ. ಮಾಲೀಕರು ಏನನ್ನೂ ಕೇಳದೆ ಎದ್ದು ಹೋದರು. ತಿದ್ದದೇ ತಿದ್ದಿದೆ ಅಂದಿದ್ದೀರಿ ಎಂದು ಮ್ಯಾನೇಜರು ಎಲ್ಲರೆದುರಿಗೇ ಅವರಿಗೆ ಹೇಳಿದರು. ವಾರ ಕಳೆಯುವುದರೊಳಗೆ ಅವರನ್ನು ಕೆಲಸದಿಂದ ತೆಗೆದರು. ನಾನು ಎರಡು ಸಲ ಮ್ಯಾನೇಜರ ಬಳಿ ಹೋಗಿ ಬೇಡಿಕೊಂಡೆ. ಅವರು ತಲೆ ಎತ್ತಿಯೂ ನೋಡಲಿಲ್ಲ.

ಕಾರಣ ನನಗೆ ಗೊತ್ತಾಗುವಾಗ ಎಷ್ಟೋ ದಿನ ಕಳೆದಿತ್ತು. ಕರೆಂಟು ಹೋದರೆ ನಮ್ಮ ಯಂತ್ರ ತಾರೀಕನ್ನೇ ಮರೆಯುತ್ತಿತ್ತು. ಬಂದ ಮೇಲೆ ಯಾರು ಮುಂದೆ ಕೂತಿರುತ್ತಾರೋ ಅವರು ಟೈಪ್ ಮಾಡಬೇಕು. ಯಂತ್ರಕ್ಕೆ ತಿಂಗಳು ಮೊದಲು, ದಿನ ಆಮೇಲೆ. ಯಾರೋ ನಮ್ಮ ರೂಢಿಯಂತೆ ದಿನವನ್ನೇ ಮೊದಲು ಒತ್ತಿದ್ದರು. ಅವತ್ತು ಕಂಪೈಲಾದ ಫೈಲುಗಳ ಮೇಲೆ ಮುಂದೆ ಬರುವ ಯಾವುದೋ ತಿಂಗಳಿನ ತಾರೀಕು ಬಿತ್ತು. ಆಮೇಲೆ ತಾರೀಕು ಸರಿಯಾದರೂ, ಅಮೃತೂರಿನವರು ತಿದ್ದಿದ್ದು ಆ ತಾರೀಕಿಗಿಂತ ಹಳೆಯದೆಂದು ಸ್ಕ್ರಿಪ್ಟ್ ಮುಟ್ಟದೆ ಬಿಟ್ಟಿತ್ತು.

ಮ್ಯಾನೇಜರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಯೋಜನೆ ನಿಲ್ಲಿಸಿ ಆಗಿದೆ, ಬೆಂಗಳೂರಿನಿಂದ ಸಿದ್ಧ ಸಾಫ್ಟ್‌ವೇರ್ ಬರುತ್ತಿದೆ, ಇನ್ನು ಯಾರ ತಪ್ಪಾದರೇನು ಅಂದರು. ನನ್ನನ್ನು ಡಾಟಾ ಎಂಟ್ರಿಗೆ ಹಾಕಿದರು.

ಅಮೃತೂರಿನವರಿಗಾದರೂ ಹೇಳಬೇಕೆಂದು ಒಂದು ಭಾನುವಾರ ಕುಣಿಗಲ್ಲಿಗೆ ಹೋದೆ. ಅಲ್ಲೊಂದು ಟ್ಯುಟೋರಿಯಲ್ಲಿನಲ್ಲಿ ಪಾಠ ಮಾಡುತ್ತಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ನಡುನಡುವೆ ಹೌದು ಎಂಬಂತೆ ತಲೆಯಾಡಿಸಿದರು. ಅವರ ಮುಖ ಅರಳುತ್ತದೆ ಅಂದುಕೊಂಡಿದ್ದೆ.

"ಇದನ್ನ ಯಾಕಮ್ಮ ಹೇಳಕ್ಕೆ ಬಂದೆ?" ಅಂದರು. "ನಾನೇ ಎಲ್ಲೋ ತಪ್ಪು ಮಾಡಿದೀನಿ ಅಂತ ಒಪ್ಕೊಂಡು, ಈಗೀಗ ನಿದ್ದೆ ಮಾಡ್ತಿದ್ದೆ."

ಮನೆಯವರಿಗೆ ಹೇಳುತ್ತೀರಾ ಎಂದು ಮೆಲ್ಲಗೆ ಕೇಳಿದೆ. ಅವರಿಗೆ ತಾರೀಕಿನ ಈ ಕಥೆ ನೆವದಂತೆ ಕೇಳಿಸುತ್ತದೆ, ಬೇಡ ಅಂದರು. ಅಮೃತೂರಿನ ಬಸ್ಸು ಬಂದಾಗ ಎದ್ದರು. ನಾನು ಕೈಮುಗಿದೆ. ಅವರು ನೋಡಿದರೋ ಇಲ್ಲವೋ, ಜನರ ನಡುವೆ ನುಗ್ಗಿ ಹತ್ತಿ ಹೋದರು.

ಮತ್ತೆ ಅವರನ್ನು ನಾನು ನೋಡಲಿಲ್ಲ.