ಭೋರಿನ ಬಸ್ಸು ಬರುವ ತನಕ

ಭೀಮವ್ವ ರೇಣುಳನ್ನು ಮೊದಲು ಕಂಡದ್ದು ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಶೆಡ್ಡಿನಲ್ಲಿ, ಅದೂ ಒಂದು ಜಗಳದ ನಡುವೆ. ಅದೇ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ನಿಜಲಿಂಗಪ್ಪ ತೀರಿಕೊಂಡು ತಿಂಗಳಾಗಿತ್ತು. ಮನೆಯಲ್ಲಿ ಕೂತರೆ ಒಲೆ ಹೊತ್ತುವುದಿಲ್ಲವೆಂದು ಭೀಮವ್ವ ಉಳ್ಳಾಗಡ್ಡಿ ಆರಿಸುವ ಕೂಲಿಗೆ ಒಂದು ಗೋಣಿತಟ್ಟು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ನೆರಳಿನಲ್ಲಿ ಒಂದು ಖಾಲಿ ಜಾಗ ಕಂಡಿತು, ಹಾಸಿ ಕೂತಳು. ಇನ್ನೂ ಸೆರಗು ಸರಿ ಮಾಡಿಕೊಂಡಿರಲಿಲ್ಲ, ಪಕ್ಕದವಳು ತಟ್ಟಿನ ಮೂಲೆ ಹಿಡಿದು ಎಳೆದಳು.

ಅಲ್ಲಿನ ಪದ್ಧತಿ ಅವಳಿಗೆ ಗೊತ್ತಿರಲಿಲ್ಲ. ಮೊದಲು ತಟ್ಟು ಹಾಸಿದವಳಿಗೆ ಆ ಜಾಗ ಜೀವಮಾನಕ್ಕೆ. ಊರಿಗೆ ಹೋಗಲಿ, ಬಾಣಂತನಕ್ಕೆ ಹೋಗಲಿ, ಜಾಗ ಹಾಗೇ ಖಾಲಿ ಬಿದ್ದಿರುತ್ತದೆ. ಅವಳ ನಂತರ ಮಗಳಿಗೋ ಸೊಸೆಗೋ. ಆ ಮರಾಠಿ ಊರಿನ ಯಾರ್ಡಿಗೆ ಮೊದಲು ಬಂದವರು ಇಂಡಿ, ಚಡಚಣದ ಕಡೆಯ ಕನ್ನಡದ ಹೆಂಗಸರು. ಹಾಗಾಗಿ ತಗಡಿನ ಕೆಳಗಿನ ನೆರಳೆಲ್ಲ ಅವರದು, ಹಿಂದಿನಿಂದ ಬಂದವರಿಗೆ ಬಿಸಿಲು.

ಗದ್ದಲ ಕೇಳಿ ಎದುರಿನ ಅಡತಿ ಅಂಗಡಿಯಿಂದ ಒಬ್ಬ ಹುಡುಗಿ ಹೊರಗೆ ಬಂದಳು. ತುರುಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡಿದ್ದಳು. ರೈತರ ಮಾಲನ್ನು ದಲಾಲಿಯ ಮೇಲೆ ಮಾರಿಕೊಡುವ ಆ ಅಂಗಡಿ ಕಾಶಪ್ಪ ಸಾವಕಾರರದು. ಅವಳ ಅಪ್ಪ ಅಲ್ಲಿ ಗುಮಾಸ್ತನಾಗಿದ್ದ, ಅವನು ಹೋದ ಮೇಲೆ ಅದೇ ಕುರ್ಚಿಗೆ ಅವಳು ಬಂದಿದ್ದಳು. ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡಳು, ಯಾರನ್ನೂ ಬೈಯಲಿಲ್ಲ. ಭೀಮವ್ವನ ತಟ್ಟನ್ನು ತಾನೇ ಎತ್ತಿಕೊಂಡು ಹೋಗಿ ಅಂಗಡಿಯ ಮುಂದಿನ ಮೆಟ್ಟಿಲ ಪಕ್ಕದಲ್ಲಿ ಹಾಸಿದಳು. ಅದು ಗಿರಾಕಿ ಬರುವ ದಾರಿ ಎಂದು ಸಾವಕಾರರು ಒಳಗಿನಿಂದಲೇ ಗದರಿದರು.

“ಗಿರಾಕಿ ಬಂದ್ರ ಎದ್ದು ದಾರಿ ಬಿಡ್ತಾರ್ರಿ ಸಾವಕಾರ್ರ. ನೆರಳೇನು ನಿಮ್ಮ ಗಲ್ಲಾಪೆಟ್ಟಗ್ಯಾಗಿಂದು ಖರ್ಚ್ ಆಗಾಂಗಿಲ್ಲ,” ಎಂದಳು ರೇಣು.

ಸಾವಕಾರರು ನಕ್ಕುಬಿಟ್ಟರು. ನಕ್ಕ ಮೇಲೆ ಎಬ್ಬಿಸುವುದು ಅವರಿಗೂ ಆಗಲಿಲ್ಲ. ಭೀಮವ್ವನ ಜಾಗ ಇವತ್ತಿಗೂ ಅದೇ ಮೆಟ್ಟಿಲ ಪಕ್ಕದಲ್ಲಿದೆ.

ರೇಣುಳ ಮನೆ ಹತ್ತಿರದ ಧನಕವಡಿ ಬಡಾವಣೆಯಲ್ಲಿ. ಗಂಡ ಮಾಂತು ಟೆಂಪೊ ಓಡಿಸುತ್ತಾನೆ, ಹೆಂಡತಿಗೆ ಸಭೆ ಇದ್ದ ದಿನ ಅಡಿಗೆ ಅವನದೇ. ಅವನ ಪಲ್ಯದಲ್ಲಿ ಉಪ್ಪು ಒಂದು ದಿನ ಜಾಸ್ತಿ, ಒಂದು ದಿನ ಇಲ್ಲ. ಆದರೆ ಸಭೆಗೆ ಹೋಗಬೇಡ ಎಂದು ಅವನು ಯಾವತ್ತೂ ಅಂದವನಲ್ಲ. ಉಳ್ಳಾಗಡ್ಡಿ ಆರಿಸುವ ಹೆಂಗಸರ ಸಂಘ ಕಟ್ಟಿದ್ದು ರೇಣುವೇ. ಆಗ ಅವರ ಶೆಡ್ಡಿನ ಕಡೆ ಹೆಂಗಸರಿಗೆ ಸಂಡಾಸ ಇರಲಿಲ್ಲ. ಅರ್ಜಿ ಕೊಟ್ಟು ಕೊಟ್ಟು ಬೇಸತ್ತ ರೇಣು, ಒಂದು ದಿನ ಯಾರ್ಡಿನ ಸಾಹೇಬರ ಆಫೀಸಿಗೆ ಹೋಗಿ ಅವರದೇ ಸಂಡಾಸದ ಕೀಲಿ ಕೇಳಿದಳು, ಭಾಳ ವಿನಯದಿಂದ. ಅವಳ ಹಿಂದೆ ನೆರಳಿನ ಸಾಲಿನ ಚಿತ್ರಾ, ಚಿತ್ರಾಳ ಹಿಂದೆ ಭೀಮವ್ವ, ಹೀಗೆ ದಿನವಿಡೀ ಒಬ್ಬರಾದ ಮೇಲೆ ಒಬ್ಬರು ಹೋಗಿ ನಮಸ್ಕಾರ ಮಾಡಿ ಕೀಲಿ ಕೇಳಿದರು. ಮರುದಿನವೂ ಕೇಳಿದರು. ವಾರದೊಳಗೆ ಇಟ್ಟಿಗೆ ಬಂದು ಬಿತ್ತು.

ಸಂಘದ ಕಮಿಟಿಯಲ್ಲಿ ರೇಣುಳನ್ನು ಬಿಟ್ಟು ಏಳು ಮಂದಿ. ಏಳೂ ನೆರಳಿನವರು, ಮೆಟ್ಟಿಲ ಪಕ್ಕದ ಭೀಮವ್ವನೂ ಸೇರಿ. ಹಾಗೆಂದು ಯಾರೂ ಗೊತ್ತುಮಾಡಿ ಆರಿಸಿದ್ದಲ್ಲ, ಮೊದಲು ಬಂದವರು ಮೊದಲು ಕೂತರು, ಅಷ್ಟೇ. ಸೋಮವಾರ ಬೆಳಿಗ್ಗೆ ಆರಕ್ಕೆ, ಕೆಲಸ ಹತ್ತುವ ಮೊದಲು, ಚಹಾ ಕುಡಿಯುತ್ತಾ ಸಭೆ.

ಮುಂದೆ ಒಂದು ದಿನ ಮಾಲು ತಂದ ಯಾರದೋ ಟೆಂಪೊ ಹಿಂದಕ್ಕೆ ಬರುವಾಗ ಚಿತ್ರಾಳ ಪಾದದ ಮೇಲೆ ಹತ್ತಿತು. ಔಷಧದ ಖರ್ಚು ಯಾರು ಕೊಡಬೇಕು? ಮಾಲು ರೈತನದು, ಶೆಡ್ಡು ಯಾರ್ಡಿನದು, ಟೆಂಪೊ ಮತ್ತೊಬ್ಬರದು. ಎಲ್ಲರೂ ಕೈ ತೊಳೆದುಕೊಂಡರು. ಬಾಗಿಲು ಬಾಗಿಲು ಅಲೆದ ರೇಣುಗೆ ಕೊನೆಗೆ ಒಬ್ಬ ವಕೀಲರು ಒಂದು ದಾರಿ ಹೇಳಿದರು. ದುಡಿಯುವ ಹೆಣ್ಣುಮಕ್ಕಳ ಮಾನವ ಹಕ್ಕುಗಳನ್ನು ನೋಡಿಕೊಳ್ಳುವ ಒಂದು ಅಂತರರಾಷ್ಟ್ರೀಯ ಸಮಿತಿ ಇದೆ, ಜಿನೀವಾದಲ್ಲಿ ಕೂಡುತ್ತದೆ, ಅದಕ್ಕೆ ಬರೆಯಿರಿ ಎಂದು. ರೇಣು ಬರೆದಳು. ಇಂಗ್ಲಿಷಿಗೆ ಮಾಡಿಕೊಟ್ಟವಳು ಅವಳ ಮೇಲ್ಮನೆಯಲ್ಲಿ ಬಾಡಿಗೆಗಿದ್ದ ಸ್ಪಂದನಾ, ಮಂಡ್ಯದ ಕಡೆಯವಳು, ಕಂಪ್ಯೂಟರ್ ಕೆಲಸದ ಹುಡುಗಿ.

ಸಮಿತಿಯಿಂದ ಬಂದ ಉತ್ತರದಲ್ಲಿ ಒಂದೇ ಪ್ರಶ್ನೆ: ನಿಮ್ಮ ಮಾಲೀಕರ ಹೆಸರೇನು?

ಶೆಡ್ಡಿನ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. “ಉಳ್ಳಾಗಡ್ಡಿ ಅಂತ ಬರದುಬಿಡ್ರಿ, ದಿನಾ ಅಳಸಾಂವ ಅವನ ಅಲ್ಲೇನು,” ಎಂದಳು ಚಿತ್ರಾ. ರೇಣು ಮಾತ್ರ ನಗಲಿಲ್ಲ. ಸಮಿತಿಯಲ್ಲಿ ಯಾರು ಯಾರು ಇದ್ದಾರೆ ನೋಡು ಎಂದು ಸ್ಪಂದನಾಳಿಗೆ ಹೇಳಿದಳು. ಹದಿನೆಂಟು ಮಂದಿಯಲ್ಲಿ ಹನ್ನೆರಡು ಯುರೋಪಿನವರು, ಉಳಿದವರು ಅಮೆರಿಕದ ಕಡೆಯವರು. ಇಡೀ ಏಷ್ಯಾಕ್ಕೆ ಒಂದು ಜಾಗವೂ ಇಲ್ಲ, ಆಫ್ರಿಕಕ್ಕೂ ಇಲ್ಲ. ಮಾಲೀಕನಿಲ್ಲದ ಕೆಲಸ ಎಂಥದು ಎಂದು ಅಲ್ಲಿ ಒಬ್ಬರೂ ಕಂಡವರಿರಲಿಲ್ಲ. ಕೆಟ್ಟವರಲ್ಲ, ಕಂಡಿಲ್ಲ.

ಚಿತ್ರಾಳ ಪಾದದ ನ್ಯಾಯ ಆಮೇಲಿನದು, ಮೊದಲು ಆ ಸಮಿತಿಯಲ್ಲಿ ಎಲ್ಲ ಸೀಮೆಯವರೂ ಕೂಡಬೇಕು ಎಂದು ರೇಣು ಪಟ್ಟು ಹಿಡಿದಳು. ನೇಪಾಳದ ಇಟ್ಟಿಗೆಭಟ್ಟಿಯವರು, ಕೀನ್ಯಾದ ಸಂತೆಯವರು, ಹೀಗೆ ಅದೇ ಪ್ರಶ್ನೆ ಕೇಳಿಸಿಕೊಂಡ ಹೆಂಗಸರನ್ನು ಫೋನಿನಲ್ಲೇ ಹುಡುಕಿ ಜೊತೆ ಮಾಡಿಕೊಂಡಳು. ಸ್ಪಂದನಾ ಒಮ್ಮೆ ತಡೆದಳು.

“ಆಂಟಿ, ಇಷ್ಟು ಸ್ಟ್ರಾಂಗಾಗಿ ಬರೆದ್ರೆ ಬೇಜಾರ್ ಮಾಡ್ಕೋತಾರೆ. ಸ್ವಲ್ಪ ಸಾಫ್ಟ್ ಮಾಡ್ಲಾ?”

“ನಾ ಅಂದಷ್ಟ ಬರಿ. ಸಕ್ಕರಿ ಹಾಕಬ್ಯಾಡ.”

ವರ್ಷ ತುಂಬುವುದರೊಳಗೆ ಸಮಿತಿ ಏಷ್ಯಾಕ್ಕೆ ಒಂದು ಜಾಗ ಕೊಟ್ಟಿತು. ಕೂಗಾಡಿದವರನ್ನೇ ಕೂರಿಸೋಣ ಎಂದು ಉಳಿದ ಹೆಂಗಸರು ರೇಣುಳ ಹೆಸರು ಕೊಟ್ಟರು. ಶೆಡ್ಡಿನಲ್ಲಿ ಪೇಢೆ ಹಂಚಿದರು. ಆ ಉಮೇದಿನಲ್ಲೇ ರೇಣು ಇನ್ನೊಂದು ಕೆಲಸ ಮಾಡಿದಳು. ನಾವು ಅಲ್ಲಿ ಜಾಗ ಕೇಳುತ್ತೇವೆ, ನಮ್ಮ ಕಮಿಟಿಯಲ್ಲಿ ಭೋರಿನವರು ಒಬ್ಬರೂ ಇಲ್ಲವಲ್ಲ ಎಂದಳು. ಭೋರಿನ ಹೆಂಗಸರು ದಿನಾ ಎಸ್.ಟಿ. ಬಸ್ಸಿನಲ್ಲಿ ಘಾಟು ಇಳಿದು ಬಂದು ಬಿಸಿಲಿನ ಸಾಲಿನಲ್ಲಿ ಕೂರುವವರು, ಮರಾಠಿಯವರು. ಅವರಲ್ಲಿ ಶೇವಂತಾ ಎಂಬವಳನ್ನು ಎಂಟನೆಯವಳಾಗಿ ಸೇರಿಸಿಕೊಂಡರು. ನೆರಳಿನವರಲ್ಲಿ ಕೆಲವರು ಮುಖ ಸೊಟ್ಟ ಮಾಡಿದರು. ಭೀಮವ್ವ ತನ್ನ ಪಕ್ಕದ ಕುರ್ಚಿ ಒರೆಸಿ ಇಟ್ಟಳು.

ಆದರೆ ರೇಣುಳ ವೀಸಾ ಬಂದದ್ದು ಜಿನೀವಾದ ಸಭೆ ಮುಗಿದ ಮೇಲೆ. ಸಭೆಯ ತಾರೀಖು ತಿಳಿಸಿದ್ದೇ ತಡವಾಗಿ. ಯುರೋಪಿನವರಿಗೆ ರೈಲು ಹತ್ತಿದರೆ ಸಾಕು, ಇವಳು ಮುಂಬಯಿಗೆ ಹೋಗಿ ಬೆರಳ ಗುರುತು ಕೊಟ್ಟು ಕಾಯಬೇಕು. ಅದು ಅವರ ಲೆಕ್ಕದಲ್ಲೇ ಇರಲಿಲ್ಲ. ಆಮೇಲೆ ಸಮಿತಿಯಿಂದ ಒಂದು ಕಾಗದ ಬಂತು. ಸ್ಪಂದನಾ ಅದನ್ನು ಕನ್ನಡ ಮಾಡಿಕೊಟ್ಟಳು, ಸೋಮವಾರ ಆರರ ಸಭೆಯಲ್ಲಿ ರೇಣು ಸಿಟ್ಟಿನಿಂದ ಓದಿದಳು. ಏಷ್ಯಾದ ಜಾಗ ಖಾಲಿ ಇತ್ತು, ಅಲ್ಲಿಯವರಿಗೆ ಆಸಕ್ತಿ ಕಡಿಮೆ ಎಂದು ಕಾಣುತ್ತದೆ, ಆ ಜಾಗ ಉಳಿಸಬೇಕೋ ಬೇಡವೋ ಎಂದು ಮುಂದಿನ ಸಭೆಯಲ್ಲಿ ತೀರ್ಮಾನಿಸುತ್ತೇವೆ, ಎಂದಿತ್ತು.

ಎಲ್ಲರೂ ಒಟ್ಟಿಗೆ ಬೈದರು. ಬೈದು ದಣಿದ ಮೇಲೆ ಚಿತ್ರಾ ಭೀಮವ್ವನ ಪಕ್ಕಕ್ಕೆ ಬೆರಳು ತೋರಿಸಿದಳು.

“ನಾವೂ ಕೊಟ್ಟೀವಲ್ಲ ಜಾಗಾ. ಒಂದ ದಿನ ಬಂದಾಳೇನು ಶೇವಂತಾ? ಆಕಿಗೇ ಬ್ಯಾಡಾಗೇದ, ತಗದ ಹಾಕ್ರಿ ಆ ಕುರ್ಚಿ.”

ರೇಣು ಕಾಗದವನ್ನೂ ಕುರ್ಚಿಯನ್ನೂ ನೋಡಿದಳು. ಭೀಮವ್ವನೂ ನೋಡಿದಳು. ತಾನು ಪ್ರತಿ ಸೋಮವಾರ ಒರೆಸಿಟ್ಟ ಕುರ್ಚಿ, ಪ್ರತಿ ಸೋಮವಾರ ಖಾಲಿ.

“ಭೋರದ ಬಸ್ ಎಷ್ಟಕ್ಕ ಬರ್ತದ?” ಎಂದು ಕೇಳಿದಳು ರೇಣು.

ಎಂಟೂವರೆಗೆ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಬರುತ್ತದೆ, ಅಲ್ಲಿಂದ ನಡೆದು ಶೆಡ್ಡು ಸೇರುವಾಗ ಒಂಬತ್ತಾಗುತ್ತದೆ ಎಂದು ಭೀಮವ್ವನೇ ಹೇಳಿದಳು. ಅದು ಏಳು ಮಂದಿಗೂ ಗೊತ್ತಿದ್ದ ವಿಷಯವೇ. ದಿನಾ ಕಣ್ಣೆದುರಿಗೇ ನಡೆದು ಬರುತ್ತಾರೆ. ಸಭೆ ಆರಕ್ಕೆ ಎಂಬುದು ಮಾತ್ರ ತಟ್ಟಿನ ಜಾಗದ ಹಾಗೆ ಮೊದಲಿನಿಂದ ಇದ್ದದ್ದು, ಅದನ್ನು ಯಾರೂ ಎತ್ತಿ ನೋಡಿರಲಿಲ್ಲ.

ಒಂಬತ್ತಕ್ಕೆ ಸಭೆ ಎಂದರೆ ಒಪ್ಪುವುದು ಸುಲಭವಿರಲಿಲ್ಲ. ಅದು ಹರಾಜಿನ ಸವಾಲು ಮುಗಿದು ಆರಿಸಲು ರಾಶಿ ಬೀಳುವ ಹೊತ್ತು, ಅಷ್ಟು ಕೆಲಸ ಕೈತಪ್ಪುತ್ತದೆ, ಅಡತಿಯವರು ಗೊಣಗುತ್ತಾರೆ. ಯಾರೋ ಬರುತ್ತಾರೆಂದು ನಾವ್ಯಾಕೆ ಕಾಯಬೇಕು ಎಂದು ಚಿತ್ರಾ ಕುಂಟುತ್ತಲೇ ಎದ್ದು ನಿಂತಳು. ರೇಣು ಬಲವಂತ ಮಾಡಲಿಲ್ಲ. ಜಿನೀವಾದವರು ನನ್ನನ್ನು ಕಾಯಬೇಕಾದರೆ ನಾನು ಶೇವಂತಾಳನ್ನು ಕಾಯಬೇಕು, ಇಲ್ಲದಿದ್ದರೆ ಅಲ್ಲಿ ಹೋಗಿ ಯಾವ ಬಾಯಿಂದ ಮಾತಾಡಲಿ ಎಂದು ಕೇಳಿದಳು. ಮೊದಲು ಕೈ ಎತ್ತಿದವಳು ಭೀಮವ್ವ. ಕೊನೆಗೆ ಎತ್ತಿದವಳು ಚಿತ್ರಾ, ಅದೂ ಅರ್ಧ.

ಮೊದಲ ಒಂಬತ್ತರ ಸಭೆಗೆ ಶೇವಂತಾ ಬಂದಳು. ಕೂತವಳೇ ಬಿಸಿಲಿನ ಸಾಲಿಗೆ ತಗಡು ಬೇಕು ಎಂದಳು. ಟೆಂಪೊ ಹಿಂದಕ್ಕೆ ಬರುವ ಜಾಗದಲ್ಲಿ ಒಂದು ಅಡ್ಡಗಂಬ ಹಾಕಿದರೆ ಯಾರ ಪಾದವೂ ಹೋಗುವುದಿಲ್ಲ ಎಂದೂ ಹೇಳಿದಳು, ಟೆಂಪೊ ಬರುವುದು ಅವರ ಸಾಲಿನ ಕಡೆಯಿಂದಲೇ. ಚಿತ್ರಾ ಅವತ್ತು ಅವಳಿಗೆ ತನ್ನ ಚಹಾ ಕೊಟ್ಟಳು.

ಮುಂದಿನ ಸಲ ರೇಣು ತಾರೀಖನ್ನು ಮೊದಲೇ ಕೇಳಿ ತಿಳಿದುಕೊಂಡು ಮಳೆಗಾಲದಲ್ಲೇ ವೀಸಾದ ಕಾಗದ ಹಾಕಿದಳು. ಹೊರಡುವ ದಿನ ಮಾಂತು ತನ್ನ ಟೆಂಪೊದಲ್ಲೇ ವಿಮಾನಕ್ಕೆ ಬಿಟ್ಟು ಬಂದ. ಅಲ್ಲಿ ಕೇಳಬೇಕಾದದ್ದು ಎರಡೇ: ಸೀಮೆಗಿಷ್ಟು ಎಂದು ಜಾಗ ಖಾಯಂ ಆಗಬೇಕು, ಸಭೆ ಸರದಿಯಂತೆ ಎಲ್ಲ ಸೀಮೆಗಳಲ್ಲೂ ಕೂಡಬೇಕು. ಅದು ಆದರೆ ಚಿತ್ರಾಳ ಪಾದದ ಅರ್ಜಿ ಓದಲು ಅಲ್ಲಿ ಒಬ್ಬರಿರುತ್ತಾರೆ. ಆಗದಿದ್ದರೆ ಇದ್ದ ಒಂದು ಜಾಗವೂ ಹೋಗುತ್ತದೆ.

ಸೋಮವಾರ ಬಂತು. ಭೋರಿನ ದಾರಿಯ ಕಾತ್ರಜ ಘಾಟಿನಲ್ಲಿ ಲಾರಿ ಕೆಟ್ಟು ನಿಂತು ದಾರಿ ಕಟ್ಟಿದೆ ಎಂದು ಸುದ್ದಿ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಸಾವಕಾರರು ಎರಡು ಸಲ ಹೊರಗೆ ಬಂದು ರಾಶಿ ನೋಡಿ ಒಳಗೆ ಹೋದರು. ಏಳು ಮಂದಿ ಕೂತಿದ್ದರು, ಸಭೆ ಶುರುವಾಗಿರಲಿಲ್ಲ. ಯಾರೋ ಶುರು ಮಾಡೋಣವೇ ಎಂದು ಬಾಯಿ ತೆರೆದಾಗ ಸುಮ್ಮನಿರಿಸಿದವಳು ಚಿತ್ರಾ. ಅಷ್ಟರಲ್ಲಿ ಭೀಮವ್ವನ ಫೋನು ಹೊಡೆದುಕೊಂಡಿತು. ಅಲ್ಲಿ ಇನ್ನೂ ನಸುಕು, ರೇಣುಗೆ ಎಲ್ಲಿ ಹೋದರೂ ಬೇಗ ಏಳುವ ರೂಢಿ.

ನಿನ್ನೆ ಸಂಜೆ ಮತ ಆಯಿತು, ಎರಡೂ ಪಾಸಾದವು ಎಂದಳು. ಎಲ್ಲ ಸೀಮೆಗೂ ಸಮನಾಗಿ ಜಾಗ, ಮುಂದಿನ ಸಭೆ ಕಾಠ್ಮಂಡುವಿನಲ್ಲಿ. ಭೀಮವ್ವ ಅದನ್ನು ಎಲ್ಲರಿಗೂ ಹೇಳಿದಳು. ಚಿತ್ರಾ ಕೆಟ್ಟ ಪಾದದಿಂದಲೇ ನೆಲಕ್ಕೆ ಒಂದು ಕುಟ್ಟು ಕುಟ್ಟಿದಳು. ಬರುವಾಗ ಏನು ತರುತ್ತೀ ಎಂದು ಭೀಮವ್ವ ಕೇಳಿದಳು.

“ಅದಿರಲಿ ಭೀಮಕ್ಕಾ. ನಮ್ಮಲ್ಲಿ ಎಲ್ಲಾರೂ ಬರೂ ತನಕಾ ಸಭಾ ಸುರು ಆಗೂದಿಲ್ಲ ಅಂತ ನಾ ಇಲ್ಲಿ ಎದ್ದ ನಿಂತ ಹೇಳೇನಿ. ಭೋರದ ಬಸ್ ಬಂತೇನ್ರಿ?”